ಹವಾಮಾನದ ಹಠಾತ್ ಪಲ್ಲಟಗಳು: ಶಿರಗುಪ್ಪಿ ಮತ್ತು ಕೃಷ್ಣೆಯ ಮೇಲ್ಕಣಿವೆ

ಕೊನೆಯ ಹಿಮಯುಗ ಮುಗಿಯುತ್ತ ಬಂದಾಗಿನಿಂದ ಹಿಡಿದು ಕಳೆದ ಶತಮಾನದವರೆಗೆ, ಮನುಷ್ಯನ ಕೈವಾಡವಿಲ್ಲದೆ, ಕೆಲವೇ ದಶಕ ಅಥವಾ ಒಂದೆರಡು ಶತಮಾನಗಳಲ್ಲಿ ಹವಾಮಾನ ಮಗ್ಗುಲು ಬದಲಿಸಿದ ಪ್ರಸಂಗಗಳು ಹಲವು. ಯುರೋಪಿನಲ್ಲಿ ಇವುಗಳ ಇತಿಹಾಸವೆಂದರೆ ಬಹುಮಟ್ಟಿಗೆ ಚಳಿಯ ಇತಿಹಾಸ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಶಿರಗುಪ್ಪಿಯಂಥ ಕಡೆ ಅದು ಮಳೆಯ ಇತಿಹಾಸ. ಈ ಸೀಮೆ ಬದುಕುವುದು ಎರಡು ಮಳೆಗಳ ಮೇಲೆ: ಹೊಲದ ಮೇಲೆ ನೇರವಾಗಿ ಬೀಳುವುದು ಒಂದು, ದೂರದ ಸಹ್ಯಾದ್ರಿಯಲ್ಲಿ ಸುರಿದು ಕೃಷ್ಣೆ, ಪಂಚಗಂಗೆಗಳಲ್ಲಿ ಹರಿದು ಬರುವುದು ಇನ್ನೊಂದು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆಯಾಗುತ್ತದೆ, ಘಟ್ಟದ ಮಳೆನೆರಳಿಗೆ ಬಿದ್ದ ಕಾಗವಾಡ, ಅಥಣಿ, ರಾಯಬಾಗಗಳಿಗೆ ಸಿಗುವುದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಆದ್ದರಿಂದಲೇ ಬರಗಾಲದ ವರ್ಷದಲ್ಲೂ ಇಲ್ಲಿ ಹೊಳೆ ತುಂಬಿ ಹರಿಯಬಹುದು. ಆದರೆ ಮುಂಗಾರು ಶತಮಾನಗಳ ಮಟ್ಟಿಗೆ ದುರ್ಬಲಗೊಂಡಾಗ ಹೊಲ, ಹೊಳೆ ಎರಡಕ್ಕೂ ಒಟ್ಟಿಗೇ ಪೆಟ್ಟು ಬೀಳುತ್ತದೆ.

ಇಂಥ ಹಳೆಯ ಪಲ್ಲಟಗಳ ಕುರುಹನ್ನು ಶಿರಗುಪ್ಪಿಯ ಎರೆಹೊಲದಲ್ಲೇ ಅಗೆದು ಹುಡುಕುವುದು ಸುಲಭವಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತದೆ, ಮಳೆ ಬಿದ್ದರೆ ಉಬ್ಬಿ ಎಲ್ಲವೂ ಕಲಸಿಹೋಗುತ್ತದೆ. ತಾನೇ ತನ್ನನ್ನು ಉತ್ತುಕೊಳ್ಳುವ ಈ ನೆಲದಲ್ಲಿ ಕಾಲದ ಪದರಗಳು ಪದರಗಳಾಗಿ ಉಳಿಯುವುದಿಲ್ಲ. ಮಣ್ಣಿನಡಿ ಸಿಗುವ ಸುಣ್ಣದ ಹರಳುಗಳು ಇಲ್ಲಿ ದೀರ್ಘಕಾಲ ಅರೆಶುಷ್ಕ ಹವೆ ಇತ್ತೆಂಬುದನ್ನು ಹೇಳುತ್ತವೆ, ಅದಕ್ಕಿಂತ ಹೆಚ್ಚಿನದನ್ನಲ್ಲ. ಹೀಗಾಗಿ ಸಾಕ್ಷ್ಯಕ್ಕಾಗಿ ಸುತ್ತಲಿನ ಜಾಗಗಳನ್ನು ನೋಡಬೇಕಾಗುತ್ತದೆ: ನೀಲಗಿರಿಯ ಜೌಗು, ಕಾರವಾರದ ಕಡಲತಳ, ಮಹಾರಾಷ್ಟ್ರದ ಲೋಣಾರ್ ಸರೋವರ, ಘಟ್ಟದ ಗುಹೆಗಳು. ಮಣ್ಣು ಉಳಿಸದ್ದನ್ನು ಸ್ವಲ್ಪಮಟ್ಟಿಗೆ ಉಳಿಸಿಕೊಂಡದ್ದು ನದಿಯ ದಂಡೆ.

ದಖ್ಖನಿನ ವಾಯವ್ಯ ಭಾಗದ ನದಿದಂಡೆಗಳನ್ನು ಪರಿಶೀಲಿಸಿದ ವಿಶ್ವಾಸ್ ಕಾಳೆ ಮತ್ತು ಎಸ್. ಎನ್. ರಾಜಗುರು 1987ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸ್ಪಷ್ಟ ಚಿತ್ರ ಕೊಟ್ಟರು. ಹಿಮಯುಗದ ಕೊನೆಯ ಭಾಗದಲ್ಲಿ ಮುಂಗಾರು ಸೊರಗಿತ್ತು. ತಾವು ಹೊತ್ತು ತಂದ ಮರಳು, ಜಲ್ಲಿ, ಮಣ್ಣನ್ನು ಮುಂದೆ ಸಾಗಿಸಲಾರದೆ ನದಿಗಳು ಅವನ್ನು ತಮ್ಮ ಪಾತ್ರದಲ್ಲೇ ಪೇರಿಸುತ್ತ ಹೋದವು. ಮುಂದೆ ಮಳೆ ಜೋರಾದಾಗ ಅದೇ ನದಿಗಳು ಆ ಮೆಕ್ಕಲನ್ನು ಕೊರೆದು ಕೆಳಗಿಳಿದವು. ಇಂದು ಬೇಸಿಗೆಯಲ್ಲಿ ಈ ನದಿಗಳ ಪಾತ್ರಕ್ಕಿಳಿದರೆ ಎರಡೂ ಬದಿಗೆ ಎದ್ದುನಿಲ್ಲುವ ಎತ್ತರದ ಮಣ್ಣಿನ ದಂಡೆಗಳು ಆ ಎರಡು ಹಂತಗಳ ಫಲ. ಹೊಳೆಯಲ್ಲಿ ನೀರು ಹೆಚ್ಚಿದ್ದ ಕಾಲವೇ ಮಣ್ಣು ತುಂಬಿಕೊಂಡ ಕಾಲ ಎಂಬ ಸಾಮಾನ್ಯ ಊಹೆಗೆ ಇದು ಪೂರ್ತಿ ವಿರುದ್ಧ.

ಹಿಮಯುಗದ ಪರಾಕಾಷ್ಠೆ ಸುಮಾರು 26,000ದಿಂದ 19,000 ವರ್ಷಗಳ ಹಿಂದಿನದು. ಆಗ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಾರವಾರದ ದಡ ಇನ್ನೂ ಬಹುದೂರ ಪಶ್ಚಿಮಕ್ಕಿತ್ತು. ದಖ್ಖನಿನಲ್ಲಿ ಹಿಮ ಬೀಳಲಿಲ್ಲ, ಮಳೆ ಕಡಿಮೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ. ಮರಗಿಡಗಳು ಇಂಗಾಲವನ್ನು ಹೀರುವ ರೀತಿಯೇ ಬೇರೆ, ಜೋಳದ ಬಳಗಕ್ಕೆ ಸೇರಿದ ಹುಲ್ಲುಗಳ ರೀತಿಯೇ ಬೇರೆ. ಆ ವ್ಯತ್ಯಾಸ ಕೊಳೆತ ಸಸ್ಯಾಂಶದ ಇಂಗಾಲದಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ನೀಲಗಿರಿಯ ಜೌಗಿನ ಪದರಗಳನ್ನು ಹೀಗೆ ಅಳೆದಾಗ ಹಿಮಯುಗದ ಪದರದಲ್ಲಿ ಒಣಹವೆಯ ಹುಲ್ಲು ಮೇಲುಗೈ ಪಡೆದಿತ್ತು; ಸುಮಾರು 10,000 ವರ್ಷಗಳ ಹಿಂದಿನ ಪದರದಲ್ಲಿ ಭಾರಿ ಮಳೆಯ ಗುರುತಿತ್ತು.

ಒಣ ಕಾಲದಿಂದ ಮಳೆಗಾಲಕ್ಕೆ ಬಂದ ಈ ದಾರಿ ನೇರವಾಗಿರಲಿಲ್ಲ. ಸುಮಾರು 14,700 ವರ್ಷಗಳ ಹಿಂದೆ ಉತ್ತರ ಗೋಳ ದಿಢೀರನೆ ಬೆಚ್ಚಗಾಯಿತು, ಮುಂಗಾರು ಚೇತರಿಸಿತು. 12,900 ವರ್ಷಗಳ ಹಿಂದೆ ಎಲ್ಲವೂ ಹಿಂದಕ್ಕೆ ಜಾರಿತು. ‘ಯಂಗರ್ ಡ್ರಯಾಸ್’ ಎಂದು ಕರೆಯುವ ಈ ಮರುಚಳಿ ಸುಮಾರು 1,200 ವರ್ಷ ನಡೆದು 11,700 ವರ್ಷಗಳ ಹಿಂದೆ ಮುಗಿಯಿತು. ಮುಗಿದ ವೇಗವೇ ಅಚ್ಚರಿಯದು: ಕೆಲವೇ ದಶಕಗಳಲ್ಲಿ ಗ್ರೀನ್‌ಲ್ಯಾಂಡಿನ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತೆಂದು ಅಲ್ಲಿ ಕೊರೆದು ತೆಗೆದ ಹಿಮದ ಕಂಬಗಳು ತೋರಿಸುತ್ತವೆ. ಹವಾಮಾನ ಬದಲಾಗಲು ಸಾವಿರಾರು ವರ್ಷ ಬೇಕೆಂಬ ಹಳೆಯ ನಂಬಿಕೆ ಉರುಳಿದ್ದು ಆ ಕಂಬಗಳಿಂದಲೇ.

ಗ್ರೀನ್‌ಲ್ಯಾಂಡಿಗೂ ಕೃಷ್ಣೆಗೂ ಎಲ್ಲಿಯ ಸಂಬಂಧ? ಅಟ್ಲಾಂಟಿಕ್ ಸಾಗರ ಉಷ್ಣವಲಯದ ಬಿಸಿನೀರನ್ನು ಉತ್ತರಕ್ಕೆ ಸಾಗಿಸುತ್ತಿರುತ್ತದೆ. ಕರಗಿದ ಹಿಮದ ಸಿಹಿನೀರು ಒಮ್ಮೆಲೇ ಬಂದು ಸೇರಿದರೆ ಉಪ್ಪಿನಂಶ ತಗ್ಗಿ, ಅಲ್ಲಿನ ನೀರು ಹಗುರಾಗಿ, ತಳಕ್ಕಿಳಿಯದೆ, ಆ ಸಾಗಣೆ ಮಂದವಾಗುತ್ತದೆ. ಉತ್ತರ ತಣ್ಣಗಾದಂತೆ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಏಷ್ಯಾದ ನೆಲಕ್ಕೂ ಹಿಂದೂ ಮಹಾಸಾಗರಕ್ಕೂ ಇರುವ ಬಿಸಿಯ ಅಂತರ ಕುಗ್ಗಿ ನೈಋತ್ಯ ಮಾರುತ ಬಲ ಕಳೆದುಕೊಳ್ಳುತ್ತದೆ. ಅನಿಲ್ ಗುಪ್ತಾ, ಡೇವಿಡ್ ಆಂಡರ್ಸನ್ ಮತ್ತು ಜೊನಾಥನ್ ಓವರ್‌ಪೆಕ್ 2003ರಲ್ಲಿ ಅರಬ್ಬಿ ಸಮುದ್ರದ ತಳದ ಕೆಸರಿನಿಂದ ಈ ನಂಟನ್ನು ತೋರಿಸಿದರು. ಮುಂಗಾರು ಗಾಳಿ ಜೋರಾದಾಗ ಒಮಾನ್ ಕರಾವಳಿಯಾಚೆ ಆಳದ ತಣ್ಣೀರು ಮೇಲೇಳುತ್ತದೆ, ಅದರೊಡನೆ ಒಂದು ಜಾತಿಯ ಸೂಕ್ಷ್ಮಜೀವಿ ಹೆಚ್ಚುತ್ತದೆ. ಅದರ ಚಿಪ್ಪುಗಳು ಕಡಿಮೆಯಾದ ಪದರಗಳು, ಉತ್ತರ ಅಟ್ಲಾಂಟಿಕ್ ತಣ್ಣಗಾದ ಕಾಲಗಳು ಒಂದಕ್ಕೊಂದು ಹೊಂದಿಬಂದವು.

ಸುಮಾರು 11,000ದಿಂದ 7,000 ವರ್ಷಗಳ ಹಿಂದಿನ ಅವಧಿ ದಖ್ಖನಿನ ಸಮೃದ್ಧ ಮಳೆಯ ಕಾಲ. ಭೂಮಿಯ ಅಕ್ಷದ ತೂಗಾಟದಿಂದ ಉತ್ತರ ಗೋಳಕ್ಕೆ ಬೇಸಿಗೆಯ ಬಿಸಿಲು ಈಗಿಗಿಂತ ಹೆಚ್ಚು ಸಿಗುತ್ತಿತ್ತು. ನಡುವೆ 8,200 ವರ್ಷಗಳ ಹಿಂದೆ ಉತ್ತರ ಅಮೆರಿಕದ ಹಿಮದ ಅಂಚಿನಲ್ಲಿ ಕಟ್ಟಿಕೊಂಡಿದ್ದ ಅಗಾಸಿಜ್ ಸರೋವರ ಒಡೆದು ಕಡಲಿಗೆ ಹರಿದದ್ದರಿಂದ ಸುಮಾರು 150 ವರ್ಷ ಉತ್ತರ ತಣ್ಣಗಾಗಿ ಮುಂಗಾರೂ ಕುಗ್ಗಿತು. ಅದು ಬಂದಷ್ಟೇ ಬೇಗ ಹೋಯಿತು.

ನಂತರದ ಒಣಗುವಿಕೆ ಬೇರೆ ಬಗೆಯದು, ದಖ್ಖನಿನ ಮಟ್ಟಿಗೆ ಹೆಚ್ಚು ಮಹತ್ವದ್ದು. 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ 4,200 ವರ್ಷಗಳ ಹಿಂದಿನ ಬರಗಾಲವನ್ನು ಹೊಸ ಭೂಯುಗದ ಗಡಿಯೆಂದು ಅಂಗೀಕರಿಸಿ, ಮೇಘಾಲಯದ ಮಾಮ್ಲು ಗುಹೆಯ ಸುಣ್ಣಗಂಬವನ್ನು ಸಾಕ್ಷಿಯಾಗಿ ಇಟ್ಟು ‘ಮೇಘಾಲಯನ್’ ಎಂದು ಹೆಸರಿಟ್ಟಿತು. ಇದು ಎಲ್ಲೆಡೆ ಒಂದೇ ಸಲ ಬಂದ ಹಠಾತ್ ಆಘಾತವೇ ಎಂಬುದರ ಬಗ್ಗೆ ತಕರಾರು ಇದೆ. ದಕ್ಷಿಣದ ದಾಖಲೆಗಳನ್ನು ನೋಡಿದರೆ ತಕರಾರಿನಲ್ಲಿ ಹುರುಳಿದೆ. ನೀಲಗಿರಿಯಲ್ಲಿ ಒಣಗುವಿಕೆ 6,000 ವರ್ಷಗಳ ಹಿಂದೆಯೇ ಶುರುವಾಗಿತ್ತು. ಲೋಣಾರಿನ ಕೆಸರು 4,600ರಿಂದ 3,900 ವರ್ಷಗಳ ಹಿಂದಿನ ದೀರ್ಘ ಬರವನ್ನು ತೋರಿಸುತ್ತದೆ. ಕಾರವಾರದಾಚೆಯ ಕಡಲತಳದ ಪರಾಗವನ್ನು ಪರೀಕ್ಷಿಸಿದ ಫ್ರೆಂಚ್ ತಜ್ಞ ಸಿ. ಕಾರಟೀನಿ ಮತ್ತು ಸಂಗಡಿಗರಿಗೆ ಘಟ್ಟದ ನಿತ್ಯಹಸಿರು ಕಾಡಿನ ಪರಾಗ ತಗ್ಗಿದ್ದು ಕಂಡದ್ದು ಸುಮಾರು 3,500 ವರ್ಷಗಳ ಹಿಂದಿನ ಪದರದಲ್ಲಿ. ಒಂದು ಹೊಡೆತಕ್ಕಿಂತ ಮೆಟ್ಟಿಲುಮೆಟ್ಟಿಲಾಗಿ ಇಳಿದ ಮಳೆಯ ಚಿತ್ರ ಇದು.

ಗಮನಿಸಬೇಕಾದದ್ದು, ಉತ್ತರ ಕರ್ನಾಟಕದಲ್ಲಿ ಬೇಸಾಯ ನೆಲೆಯೂರಿದ್ದು ಮಳೆ ಇಳಿಮುಖವಾಗಿದ್ದ ಇದೇ ಕಾಲದಲ್ಲಿ. ಸುರಪುರದ ಕಡೆಯ ಬೂದಿಹಾಳ, ಬಳ್ಳಾರಿಯ ಸಂಗನಕಲ್ಲು, ಕೃಷ್ಣೆಯುದ್ದಕ್ಕೆ ಶಿರಗುಪ್ಪಿಗೆ ಹೆಚ್ಚು ದೂರವಿಲ್ಲದ ತೇರದಾಳ ಇವೆಲ್ಲ ದನಗಾಹಿಗಳ ಹೊಸಶಿಲಾಯುಗದ ನೆಲೆಗಳು. ಅವರು ಬೆಳೆದದ್ದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಅಲ್ಪ ಮಳೆಯಲ್ಲೂ ಕೈಬಿಡದ ಬೆಳೆಗಳು. ಭೀಮೆಯ ಉಪನದಿ ಘೋಡದ ದಡದ ಇನಾಮಗಾಂವ ಕ್ರಿ.ಪೂ. 1000ದ ನಂತರ ಕಳೆಗುಂದಿದ್ದಕ್ಕೆ ಪುರಾತತ್ವಜ್ಞ ಎಂ. ಕೆ. ಧವಳೀಕರ್ ಬರವನ್ನೇ ಕಾರಣವಾಗಿ ಹೇಳಿದರು. ಊರು ಪಾಳುಬಿದ್ದಲ್ಲೆಲ್ಲ ಹವಾಮಾನವನ್ನು ಹೊಣೆ ಮಾಡುವುದು ಸುಲಭ. ಅದೇ ಹವೆಯಲ್ಲಿ ನೆಲೆನಿಂತ ಊರುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇತಿಹಾಸಕಾಲದ ಪಲ್ಲಟಗಳು ಗಾತ್ರದಲ್ಲಿ ಚಿಕ್ಕವು, ಆದರೆ ಜನರ ನೆನಪಿನಲ್ಲಿ ಉಳಿದಂಥವು. ಛತ್ತೀಸಗಡದ ದಂಡಕ್ ಗುಹೆಯ ಸುಣ್ಣಗಂಬ ಕ್ರಿ.ಶ. 600ರಿಂದ 1500ರವರೆಗಿನ ಮಳೆಯ ಏರಿಳಿತವನ್ನು ಹಿಡಿದಿಟ್ಟಿದೆ. ಅದರಲ್ಲಿ 14 ಮತ್ತು 15ನೆಯ ಶತಮಾನಗಳಲ್ಲಿ ದಶಕಗಟ್ಟಲೆ ನಡೆದ ಅನಾವೃಷ್ಟಿಗಳಿವೆ. ದಖ್ಖನಿನಲ್ಲಿ 1396ರಿಂದ ಹನ್ನೆರಡು ವರ್ಷ ಕಾಡಿತೆಂದು ಹೇಳುವ ದುರ್ಗಾದೇವಿ ಬರ ಇದೇ ಅವಧಿಗೆ ಸೇರಿದ್ದು. ಬಹಮನಿ ಸುಲ್ತಾನ ಎರಡನೆಯ ಮಹಮ್ಮದ್ ಷಾ ಬರದ ಕಾಲದಲ್ಲಿ ಹತ್ತು ಸಾವಿರ ಎತ್ತುಗಳನ್ನು ಹೂಡಿ ಮಾಳವ, ಗುಜರಾತುಗಳಿಂದ ಧಾನ್ಯ ತರಿಸಿದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. 1460ರ ಸುಮಾರಿಗೆ ಬಂದ ಇನ್ನೊಂದು ಬರಕ್ಕೆ ದಾಮಾಜಿಯ ಹೆಸರಂಟಿಕೊಂಡಿದೆ. ಅಥಣಿಯ ಉತ್ತರಕ್ಕಿರುವ ಮಂಗಳವೇಢೆಯಲ್ಲಿ ಸರ್ಕಾರಿ ಕಣಜವನ್ನು ಹಸಿದವರಿಗೆ ತೆರೆದ ಅಧಿಕಾರಿ ಈತ. ಪಂಢರಪುರದ ಭಕ್ತಪರಂಪರೆಯಲ್ಲಿ ಸಂತನಾಗಿ ಉಳಿದಿದ್ದಾನೆ. ಅನಾವೃಷ್ಟಿಯ ಭೌತಿಕ ದಾಖಲೆ ಗುಹೆಯಲ್ಲಿ, ಅದರ ಲೋಕದಾಖಲೆ ಕಥೆಯಲ್ಲಿ ಉಳಿದ ಅಪರೂಪದ ಶತಮಾನಗಳಿವು.

1791–92ರ ಬರವನ್ನು ಬೆಳಗಾವಿ, ಧಾರವಾಡ, ವಿಜಯಪುರ ಕಡೆ ದೋಗಿ ಬರ, ಅಂದರೆ ತಲೆಬುರುಡೆಯ ಬರ ಎಂದರು. ಸತ್ತವರನ್ನು ಮಣ್ಣುಮಾಡುವವರೇ ಇಲ್ಲದೆ ನೆಲದ ಮೇಲೆ ಬುರುಡೆಗಳು ಬಿದ್ದಿದ್ದವೆಂಬುದು ಹೆಸರಿನ ಹಿಂದಿನ ಮಾತು. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಆ ವರ್ಷಗಳಲ್ಲಿ ಅಸಾಧಾರಣವಾಗಿ ತೀವ್ರವಾಗಿತ್ತು. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲೂ ಅದೇ ಕಾರಣ. ಆದರೆ ಅದನ್ನು ಕ್ಷಾಮವಾಗಿಸಿದ್ದರಲ್ಲಿ ಧಾನ್ಯ ರಫ್ತನ್ನು ನಿಲ್ಲಿಸದ ಬ್ರಿಟಿಷ್ ಆಡಳಿತದ ಪಾಲು ಕಡಿಮೆಯಲ್ಲ.

ಈ ಕ್ಷಾಮದ ನಂತರ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟು ಹುಡುಕಿದ. ಮುಂದೆ ಗಿಲ್ಬರ್ಟ್ ವಾಕರ್ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವಿನ ಒತ್ತಡದ ತೂಗಾಟವನ್ನು ಗುರುತಿಸಿದ. ಮಳೆಮಾಪಕದ ಅಂಕಿಗಳು ಹೀಗೆ ಒಟ್ಟಾಗುವ ಮುಂಚಿನ ಕಾಲಕ್ಕೆ ಕರ್ನಾಟಕದಲ್ಲಿ ಸಿಗುವ ನೆಚ್ಚಬಹುದಾದ ದಾಖಲೆಗಳಲ್ಲೊಂದು ಉತ್ತರ ಕನ್ನಡದ ಅಕಳಗವಿಯದು. ಎಂ. ಜಿ. ಯಾದವ, ಆರ್. ರಮೇಶ್ ಮತ್ತು ಜಿ. ಬಿ. ಪಂತ್ 2004ರಲ್ಲಿ ಅಲ್ಲಿನ ಸುಣ್ಣಗಂಬದ ಪದರಗಳಿಂದ 331 ವರ್ಷಗಳ ಮಳೆಯ ಏರಿಳಿತವನ್ನು ಓದಿದರು. 1972ರ ಬರ, 2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಕಾಗವಾಡ, ಚಿಕ್ಕೋಡಿ, ಅಥಣಿಯ ಊರುಗಳಿಗೆ ನುಗ್ಗಿದ ನೆರೆ ಇವು ಒಂದೊಂದು ವರ್ಷದ ಘಟನೆಗಳು. ಮೇಲಿನ ಅರ್ಥದಲ್ಲಿ ಪಲ್ಲಟಗಳಲ್ಲ. ಜೊತೆಗೆ ಅಣೆಕಟ್ಟುಗಳು ಮತ್ತು ಹಸಿರುಮನೆ ಅನಿಲಗಳು ಬಂದ ಮೇಲಿನ ನೀರಿನ ಲೆಕ್ಕದಲ್ಲಿ ಪ್ರಕೃತಿಯ ಪಾಲನ್ನು ಮಾತ್ರ ಬೇರ್ಪಡಿಸಿ ತೋರಿಸಲಾಗದು.