ತಿಪ್ಪೆಗೆ ಹಾಕುವ ಹೆಪ್ಪು

ಮೊನ್ನೆ ಕಾಕಾನ ಜೊತೆ ವಿಜಯಪುರದ ಸೊಲ್ಲಾಪುರ ರಸ್ತೆಯ ಗೊಬ್ಬರದಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಒಂದು ಬಾಟಲಿ ಮುಂದಿಟ್ಟು, "ಒಳ್ಳೆ ಬ್ಯಾಕ್ಟೀರಿಯಾ ಅದಾವ್ರಿ ಇದರಾಗ. ತಿಪ್ಪಿಗಿ ಸುರುವ್ರಿ, ನಲವತ್ತ ದಿನದಾಗ ಗೊಬ್ಬರ" ಅಂದರು. ಕಾಕಾ ನಕ್ಕು, "ಮೊದಲ ತಿಪ್ಪಿಗಿ ನೀರ ಬೇಕಲ್ರಿ" ಅಂದ. ಆ ಮಾತು ತಲೆಯಲ್ಲಿ ಉಳಿಯಿತು. ಹುಡುಕುತ್ತಾ ಹೋದರೆ ನೂರು ವರ್ಷದ ಕಥೆಯೇ ಸಿಕ್ಕಿತು!

ನಮ್ಮ ಕಡೆ ಮಳೆಗೆ ಬರ, ಕಸಕ್ಕಲ್ಲ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಚಾಟ್ನಿ ಆದಾಗ ಕತ್ತರಿಸಿದ ಬಳ್ಳಿ ರಾಶಿ ಬೀಳುತ್ತದೆ. ತೊಗರಿ ಕಟ್ಟಿಗೆ, ಕಬ್ಬಿನ ರವದಿ ಬೇರೆ. ಎಷ್ಟೋ ಕಡೆ ಬೆಂಕಿ ಹಚ್ಚಿ ಕೈತೊಳೆದುಕೊಳ್ಳುತ್ತಾರೆ.

ಈ ಕಸವನ್ನು ಸೂಕ್ಷ್ಮಜೀವಿಗಳಿಂದ ಬೇಗ ಕೊಳೆಸುವ ಪ್ರಯೋಗ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು. ಗಿಲ್ಬರ್ಟ್ ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ (ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಿದ್ದರಲ್ಲ, ಅದೇ) ಬಂದವರು. ಅದಕ್ಕೂ ಮುಂಚೆ ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರು ಶುದ್ಧಮಾಡುವ ಕೆಲಸದಲ್ಲಿದ್ದರು. ಅಲ್ಲಿ ಹಳೆಯ ಕೆಸರಿನ ಒಂದು ಪಾಲು ಉಳಿಸಿಕೊಂಡು ಹೊಸ ನೀರಿಗೆ ಸೇರಿಸುತ್ತಿದ್ದರು. 1920ರ ದಶಕದ ಆರಂಭದಲ್ಲಿ ಫೌಲರ್ ಮತ್ತು ರೇಗೆ ತಿಪ್ಪೆಗೂ ಇದನ್ನೇ ಮಾಡಿದರು. ಕುದಿಯುತ್ತಿರುವ ತಿಪ್ಪೆಯ ಒಂದು ಪಾಲೇ ಹೊಸ ಕಸಕ್ಕೆ ಹೆಪ್ಪು. ಮೊಸರು ಮಾಡಿದ ಹಾಗೆ!

ಮುಂದೆ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ 1924ರಿಂದ 1931ರವರೆಗೆ ಕೆಲಸ ಮಾಡಿ 'ಇಂದೋರ್ ವಿಧಾನ'ವನ್ನು ರೂಪಿಸಿದರು. ಕಸ, ಸಗಣಿ, ಗಂಜಲದ ಮಣ್ಣು, ಬೂದಿ ಪದರಪದರವಾಗಿ ಹಾಕಿ, ಮೂರು ಸಲ ಮಗುಚಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಆದರೆ ಮಗುಚಲು ಆಳು ಬೇಕು, ಹಸಿ ಆರದಂತೆ ನೀರೂ ಬೇಕು. ಕಾಕಾನ ತಕರಾರು ಅಲ್ಲೇ ಇದೆ ನೋಡಿ.

ಉತ್ತರ ಮತ್ತೆ ಬೆಂಗಳೂರಿನಿಂದಲೇ ಬಂತು. ಅದೇ ಸಂಸ್ಥೆಯ ಸಿ. ಎನ್. ಆಚಾರ್ಯ 1939ರಲ್ಲಿ 'ಬೆಂಗಳೂರು ವಿಧಾನ' ಕೊಟ್ಟರು. ಊರಿನ ಕಸ, ಮಲಕ್ಕೆಂದು ಮಾಡಿದ್ದು; ಹೊಲದ ಕಸಕ್ಕೂ ಹೊಂದುತ್ತದೆ. ಗುಂಡಿ ತುಂಬಿ, ಒಮ್ಮೆ ಚೆನ್ನಾಗಿ ನೆನೆಸಿ, ಮೇಲೆ ಮಣ್ಣು ಮುಚ್ಚಿ ಬಿಟ್ಟುಬಿಡುವುದು. ಮಗುಚುವಂತಿಲ್ಲ, ದಿನಾ ನೀರು ಹಾಕುವಂತಿಲ್ಲ. ಮೊದಲು ಗಾಳಿ ಬೇಕಾದ ಜೀವಿಗಳು ಬಿಸಿ ಏರಿಸುತ್ತವೆ, ಗಾಳಿ ಮುಗಿದ ಮೇಲೆ ಗಾಳಿ ಬೇಡದವು ನಿಧಾನವಾಗಿ ಕೆಲಸ ಮುಂದುವರಿಸುತ್ತವೆ. ಆರೆಂಟು ತಿಂಗಳು ಹಿಡಿಯುತ್ತದೆ, ನಿಜ. ಆದರೆ ಸಾರಜನಕ ಹಾರಿಹೋಗುವುದು ಕಡಿಮೆ.

ಹಾಗಾದರೆ ಬಾಟಲಿ ಸುಳ್ಳೇ? ಅಲ್ಲ. ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರ 2015ರಲ್ಲಿ 'ವೇಸ್ಟ್ ಡಿಕಂಪೋಸರ್' ಬಿಡುಗಡೆ ಮಾಡಿತು. ಆ ಜೀವಿಗಳನ್ನು ಪಡೆದದ್ದೂ ದೇಸಿ ಆಕಳ ಸಗಣಿಯಿಂದ! 200 ಲೀಟರ್ ನೀರಿಗೆ 2 ಕಿಲೋ ಬೆಲ್ಲ ಹಾಕಿ ಅದನ್ನು ಬೆಳೆಸುತ್ತಾರೆ. ಆದರೆ ದ್ರಾಕ್ಷಿ ಬಳ್ಳಿಯಂಥ ಗಟ್ಟಿ ಕಟ್ಟಿಗೆಯನ್ನು ಹೆಚ್ಚಾಗಿ ಮುರಿಯುವುದು ಶಿಲೀಂಧ್ರಗಳು, ಬ್ಯಾಕ್ಟೀರಿಯಾ ಅಲ್ಲ. ಸಣ್ಣಗೆ ಕತ್ತರಿಸದಿದ್ದರೆ ಯಾವ ಬಾಟಲಿಯೂ ಬೇಗ ಕೊಳೆಸದು. ಸಾರಜನಕ ಕೂಡಿಸುವ ಅಝೋಟೋಬ್ಯಾಕ್ಟರ್, ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳನ್ನು ತಿಪ್ಪೆಯ ಬಿಸಿ ಇಳಿದ ಮೇಲೆಯೇ ಹಾಕಬೇಕು. 55-60 ಡಿಗ್ರಿ ಬಿಸಿಯಲ್ಲಿ ಹಾಕಿದರೆ ದುಡ್ಡು ಕೊಟ್ಟು ತಂದ ಜೀವಿಗಳು ಬೆಂದು ಸಾಯುತ್ತವೆ.

ನನಗನಿಸಿದ್ದು ಇಷ್ಟೇ. ಹೆಪ್ಪು ನಮ್ಮ ಹಿತ್ತಲಲ್ಲೇ ಇದೆ, ಅಂಗಡಿಯದು ಅದಕ್ಕೆ ಜೊತೆ ಕೊಡಬಹುದು. ಅಕ್ಟೋಬರ್ ಚಾಟ್ನಿಯ ಬಳ್ಳಿಯನ್ನು ತುಂಡು ಮಾಡಿ, ಸಗಣಿ ಬಗ್ಗಡದಲ್ಲಿ ನೆನೆಸಿ, ಮಳೆಯ ಹಸಿ ಆರುವ ಮೊದಲೇ ಮಣ್ಣು ಮುಚ್ಚಿದರೆ ಬೇಸಿಗೆಯಲ್ಲಿ ಬೋರಿನ ನೀರು ತಿಪ್ಪೆಗೆ ಹೋಗುವುದು ತಪ್ಪುತ್ತದೆ. ಕಾಕಾ ಈ ಸಲ ಒಂದು ಗುಂಡಿ ತೋಡಿಸುತ್ತೇನೆ ಅಂದಿದ್ದಾನೆ, ನೋಡೋಣ.

ನಿಮ್ಮೂರಲ್ಲಿ ಹೊಸ ತಿಪ್ಪೆಗೆ ಹಳೆಯ ಗೊಬ್ಬರ ಬೆರೆಸುತ್ತಿದ್ದರಾ? ಮನೆಯ ಹಿರಿಯರನ್ನು ಕೇಳಿ ತಿಳಿಸಿ.