ಸುಣ್ಣದ ಬೇಲಿಯ ಊರು

ಅಮೆರಿಕಾದ ಮಿಸೂರಿ ಸಂಸ್ಥಾನದಲ್ಲಿ, ಮಿಸಿಸಿಪ್ಪಿ ನದಿಯ ಪಶ್ಚಿಮ ದಡದಲ್ಲಿ, ಹ್ಯಾನಿಬಲ್ ಎಂಬುದೊಂದು ಊರಿದೆ. ಜನಸಂಖ್ಯೆ ಸುಮಾರು 17,000. ನಮ್ಮ ಕಡೆಯ ಒಂದು ಸಾಧಾರಣ ತಾಲ್ಲೂಕು ಕಸಬೆಯಷ್ಟು. ಮಾರ್ಕ್ ಟ್ವೇನ್ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತನಾದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಹುಟ್ಟಿದ್ದು 1835ರಲ್ಲಿ, ಬೇರೊಂದು ಹಳ್ಳಿಯಲ್ಲಿ. ಆದರೆ 1839ರಿಂದ ಅವನು ಆಡಿ ಬೆಳೆದದ್ದು ಇಲ್ಲಿ. ‘ಟಾಮ್ ಸಾಯರ್’ ಕಾದಂಬರಿಯ ಹಳ್ಳಿಗೆ ಅವನಿಟ್ಟ ಹೆಸರು ಬೇರೆಯಾದರೂ ಊರು ಇದೇ ಎಂಬುದು ಜಗಜ್ಜಾಹೀರು. ಇಲ್ಲಿಗೆ ಬರುವ ಯಾತ್ರಿಕರೆಲ್ಲ ಆ ಪುಸ್ತಕವನ್ನು ಹಿಡಿದೇ ಬರುತ್ತಾರೆ.

ನಾವು ಹೋದದ್ದು ‘ಆರ್.ವಿ.’ ಎಂದು ಕರೆಯುವ ಮೋಟಾರು ಮನೆಯಲ್ಲಿ. ಒಲೆ, ಮಂಚ, ಸ್ನಾನದ ಕೋಣೆ ಎಲ್ಲವೂ ಗಾಡಿಯೊಳಗೇ ಉಂಟು. ಹಿಂದೆ ನಮ್ಮ ಹಿರಿಯರು ಕಮಾನುಗಾಡಿ ಕಟ್ಟಿ, ಅಕ್ಕಿ ಬೇಳೆ ಪಾತ್ರೆ ಸಮೇತ ಜಾತ್ರೆಗೆ ಹೊರಡುತ್ತಿದ್ದರಲ್ಲ, ಇದೂ ಹೆಚ್ಚು ಕಡಿಮೆ ಹಾಗೆಯೇ, ಎತ್ತುಗಳಿಲ್ಲ, ಅಷ್ಟೆ. ಗಾಡಿ ನಡೆಸುವವನು ಅಳಿಯ, ಒಲೆಯ ಯಜಮಾನಿಕೆ ಮಗಳದು. ಹತ್ತು ವರ್ಷದ ಮೊಮ್ಮಗಳು ದಾರಿಯುದ್ದಕ್ಕೂ ‘ಟಾಮ್ ಸಾಯರ್’ ಓದುತ್ತ ಬಂದಿದ್ದಳು.

ಹಿಂದಿನ ರಾತ್ರಿ ಊರ ದಕ್ಷಿಣಕ್ಕಿರುವ ಗುಹೆಯ ಪಕ್ಕದ ಬಿಡಾರದಲ್ಲಿ ತಂಗಿದ್ದೆವು. ಬೆಳಗಿನ ಉಪ್ಪಿಟ್ಟು ಮುಗಿದೊಡನೆ ಗುಹೆ ನೋಡಿದೆವು. 1819ರಲ್ಲಿ ಬೇಟೆಗಾರನೊಬ್ಬನ ಕಣ್ಣಿಗೆ ಬಿದ್ದ ಈ ಗುಹೆಯನ್ನು 1886ರಿಂದ ಯಾತ್ರಿಕರಿಗೆ ತೋರಿಸುತ್ತಿದ್ದಾರೆ. ವರ್ಷವಿಡೀ ಒಳಗೆ ಸುಮಾರು 11 ಡಿಗ್ರಿ ಚಳಿ. ಗೋಡೆಯ ಮೇಲೆಲ್ಲ ಬಂದವರು ಬರೆದುಹೋದ ಹೆಸರುಗಳು. ಅವುಗಳ ನಡುವೆ ‘ಕ್ಲೆಮೆನ್ಸ್’ ಎಂಬ ಸಹಿಗಾಗಿ ಹಲವು ದಶಕಗಳ ಕಾಲ ಹುಡುಕಿದರಂತೆ; ಕೊನೆಗೆ ಅದು ಸಿಕ್ಕಿದ್ದು 2019ರಲ್ಲಿ.

ಆಮೇಲೆ ಗಾಡಿಯನ್ನು ಊರೊಳಗೆ ತಂದು ನಿಲ್ಲಿಸಿ, ಹಿಲ್ ಬೀದಿಯಲ್ಲಿರುವ ಟ್ವೇನನ ಬಾಲ್ಯದ ಮನೆಗೆ ಹೋದೆವು. ಬಿಳಿಯ ಬಣ್ಣದ ಸಣ್ಣ ಹಲಗೆ ಮನೆ. ಅದು ಹಾಳಾಗಿಹೋಗುವುದರಲ್ಲಿತ್ತು, 1911ರಲ್ಲಿ ಜಾರ್ಜ್ ಮಹಾನ್ ಎಂಬ ವಕೀಲರು ಕೊಂಡು, ಮರುವರ್ಷ ಊರಿಗೆ ದಾನ ಮಾಡಿದರು. ಪಕ್ಕದಲ್ಲಿಯೇ ಆ ಪ್ರಸಿದ್ಧ ಬೇಲಿ. ಸುಣ್ಣ ಬಳಿಯುವ ಶಿಕ್ಷೆಯನ್ನೇ ಒಂದು ಭಾಗ್ಯವೆಂಬಂತೆ ತೋರಿಸಿ, ಗೆಳೆಯರಿಂದಲೇ ಕೆಲಸ ಮಾಡಿಸಿಕೊಂಡ ಟಾಮನ ಜಾಣತನ ಓದುಗರಿಗೆ ಗೊತ್ತೇ ಇದೆ. ಪ್ರತಿವರ್ಷ ಜುಲೈ ತಿಂಗಳಲ್ಲಿ ಇಲ್ಲಿ ಹುಡುಗರಿಗೆ ಸುಣ್ಣ ಬಳಿಯುವ ಪಂದ್ಯ ನಡೆಯುತ್ತದೆ. ಅಳಿಯ ನಮ್ಮೆಲ್ಲರನ್ನೂ ಬೇಲಿಯ ಮುಂದೆ ನಿಲ್ಲಿಸಿ ಪಟ ತೆಗೆದ.

ಮೊಮ್ಮಗಳು ಮಾತ್ರ ನಗಲಿಲ್ಲ. “ತಾತ, ಅವತ್ತು ಶನಿವಾರ, ಟಾಮ್‌ಗೆ ರಜಾ. ಜಿಮ್ ಬಕೆಟ್ ಹಿಡ್ಕೊಂಡು ನೀರಿಗೆ ಹೋಗ್ತಿದ್ನಲ್ಲ, ಅವನಿಗೆ ರಜಾ ಇಲ್ವಾ?” ಎಂದಳು.

“ಇಲ್ಲಮ್ಮ, ಅವನು ಗುಲಾಮರ ಹುಡುಗ” ಎಂದೆ. ಅವಳು ಮತ್ತೊಮ್ಮೆ ಬೇಲಿಯನ್ನು ನೋಡಿದಳು. ಟಾಮ್ ಸುಣ್ಣ ಬಳಿಯಲು ಮೊದಲು ಪುಸಲಾಯಿಸಿದ್ದು ಗೆಳೆಯರನ್ನಲ್ಲ, ಈ ಜಿಮ್‌ನನ್ನು. ನಾವೆಲ್ಲ ಓದಿ ಮರೆತ ಸಂಗತಿ ಅದು.

ಜಿಮ್ ಬರಿಯ ಕಲ್ಪನೆಯ ಹುಡುಗನಲ್ಲ. ಟ್ವೇನನ ಮನೆಯಲ್ಲಿ ಸ್ಯಾಂಡಿ ಎಂಬ ಬಾಲಕನಿದ್ದ. ದೂರದ ಮೇರಿಲ್ಯಾಂಡಿನಿಂದ, ತನ್ನವರಿಂದ ಅಗಲಿಸಿ ತಂದ ಗುಲಾಮ. ಯಾರದೋ ಸ್ವತ್ತು, ಇವರ ಮನೆಗೆ ಬಾಡಿಗೆಗೆ ಬಂದವನು. ದಿನವಿಡೀ ಹಾಡುತ್ತಿದ್ದ. ಗದ್ದಲ ತಾಳಲಾರದೆ ಸ್ಯಾಮ್ ತಾಯಿಗೆ ದೂರು ಕೊಟ್ಟನಂತೆ. ಆಕೆಯ ಕಣ್ಣಲ್ಲಿ ನೀರು ಬಂತು: ಆ ಮಗು ತನ್ನ ತಾಯಿಯನ್ನು ಇನ್ನೆಂದೂ ಕಾಣುವಂತಿಲ್ಲ, ಹಾಡುತ್ತಿರುವಷ್ಟು ಹೊತ್ತು ಅವಳ ನೆನಪು ಬಾರದೆಂದು ನನಗೆ ಸಮಾಧಾನ, ಎಂಬುದು ಆಕೆಯ ಉತ್ತರದ ಸಾರಾಂಶ. ಕಾದಂಬರಿಯ ಬೇಲಿಯ ಬಳಿಗೆ ತಂದದ್ದು ಈ ಸ್ಯಾಂಡಿಯನ್ನೇ ಎಂದು ಟ್ವೇನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಮಧ್ಯಾಹ್ನ, ಟಾಮ್ ಮತ್ತು ಹಕ್ ಹುಡುಗರ 1926ರ ಪ್ರತಿಮೆಯನ್ನು ದಾಟಿ ಕಾರ್ಡಿಫ್ ಗುಡ್ಡ ಹತ್ತಿದೆವು. ಮೆಟ್ಟಿಲುಗಳು 240ಕ್ಕೂ ಹೆಚ್ಚು. ನನ್ನ ಮೊಣಕಾಲು ಒಂದೊಂದನ್ನೂ ಎಣಿಸಿತು. ಮೇಲಿನಿಂದ ನೋಡಿದರೆ ವಿಶಾಲವಾದ ನದಿ, ಅದರಾಚೆ ಇಲಿನಾಯ್ ಸಂಸ್ಥಾನದ ಹಸಿರು ಬಯಲು. ಟ್ವೇನನ ಬಾಲ್ಯದಲ್ಲಿ ಈ ನೀರೇ ಗಡಿ. ಈಚೆಯ ಮಿಸೂರಿಯಲ್ಲಿ ಮನುಷ್ಯನನ್ನು ಕೊಳ್ಳಬಹುದು, ಮಾರಬಹುದು. ಆಚೆಯ ಇಲಿನಾಯ್ ಗುಲಾಮಗಿರಿಯನ್ನು ಒಪ್ಪದ ಸಂಸ್ಥಾನ. 1841ರಲ್ಲಿ ಆಚೆಯಿಂದ ಮೂವರು ಬಂದು ಗುಲಾಮರನ್ನು ದಾಟಿಸಲು ಯತ್ನಿಸಿ ಸಿಕ್ಕಿಬಿದ್ದರು. ಹತ್ತಿರದ ಪಾಲ್ಮೈರಾದಲ್ಲಿ ವಿಚಾರಣೆ ನಡೆದು ತಲಾ 12 ವರ್ಷ ಸೆರೆಯಾಯಿತು. ಅಪರಾಧಿಗಳೆಂದು ತೀರ್ಮಾನಿಸಿದ ಜ್ಯೂರಿಯಲ್ಲಿ ಟ್ವೇನನ ತಂದೆಯೂ ಒಬ್ಬರು. ಅದೇ ಊರಿನ ಕಡುಬಡವ ಬೆನ್ಸ್ ಬ್ಲಾಂಕೆನ್‌ಶಿಪ್ 1847ರಲ್ಲಿ, ಹಿಡಿದುಕೊಟ್ಟರೆ 50 ಡಾಲರ್ ಬಹುಮಾನವಿದ್ದ ಒಬ್ಬ ಗುಲಾಮನಿಗೆ, ನದಿಯ ನಡುಗಡ್ಡೆಯಲ್ಲಿ ಗುಟ್ಟಾಗಿ ಅನ್ನ ಹಾಕಿ ಕಾಪಾಡಿದ. ಹಕಲ್‌ಬೆರಿ ಫಿನ್ನನ ಕಥೆಯ ಬೀಜ ಅಲ್ಲಿದೆ. ನ್ಯಾಯಾಧಿಕಾರಿಯ ಮನೆಗೆ ಕಾಣದ ನ್ಯಾಯ ಗುಡಿಸಲಿಗೆ ಕಂಡಿತ್ತು.

ಇಷ್ಟೆಲ್ಲ ನಡುವೆ ಬೆಳೆದ ಹುಡುಗನಿಗೆ ಇದು ತಪ್ಪೆಂದು ಆಗ ತೋರಿರಲಿಲ್ಲ. ಮರೆತದ್ದು ನೆನಪಿಗೆ ಬರಲು ಅವನು ಭಾರತಕ್ಕೆ ಬರಬೇಕಾಯಿತು! ಸಾಲ ತೀರಿಸಲೆಂದು ಉಪನ್ಯಾಸ ಯಾತ್ರೆ ಹೊರಟ ಟ್ವೇನ್ 1896ರ ಜನವರಿಯಲ್ಲಿ ಬೊಂಬಾಯಿಗೆ ಬಂದಿಳಿದ. ಹೋಟೆಲಿನಲ್ಲಿ ಜರ್ಮನಿಯವನೊಬ್ಬ ಕೆಲಸದಾಳಿಗೆ ತಪ್ಪೇನೆಂದು ಹೇಳುವ ಮೊದಲೇ ಕೆನ್ನೆಗೆ ಬಾರಿಸಿದ. ಆಳು ತುಟಿಪಿಟಕ್ಕೆನ್ನದೆ ಸಹಿಸಿಕೊಂಡ. ಆ ಕ್ಷಣದಲ್ಲಿ ಟ್ವೇನನಿಗೆ ಐವತ್ತು ವರ್ಷ ಹಿಂದಿನ ಹ್ಯಾನಿಬಲ್ ಕಣ್ಣೆದುರು ನಿಂತಿತು. ಹತ್ತು ವರ್ಷದವನಾಗಿದ್ದಾಗ, ಕೆಲಸದಲ್ಲಿ ಏನೋ ಎಡವಟ್ಟು ಮಾಡಿದನೆಂದು ಒಬ್ಬ ಗುಲಾಮನ ತಲೆಗೆ ಯಜಮಾನ ಅದಿರಿನ ಗಟ್ಟಿ ಎಸೆದದ್ದನ್ನು ಅವನು ಕಂಡಿದ್ದ. ಗುಲಾಮ ಒಂದು ಗಂಟೆಯೊಳಗೆ ಸತ್ತ. ಊರಿನಲ್ಲಿ ಯಾರೂ ಅದನ್ನು ಮೆಚ್ಚಲಿಲ್ಲ; ಯಾರೂ ಹೆಚ್ಚು ಮಾತೂ ಆಡಲಿಲ್ಲ. 1897ರ ತನ್ನ ಪ್ರವಾಸ ಗ್ರಂಥದಲ್ಲಿ ಇದನ್ನೆಲ್ಲ ಬರೆದಿದ್ದಾನೆ. ನಮ್ಮ ನೆಲದ ಒಬ್ಬ ಹೆಸರಿಲ್ಲದ ಆಳು ತಿಂದ ಪೆಟ್ಟು ಹೀಗೆ ಹ್ಯಾನಿಬಲ್ಲಿನ ಚರಿತ್ರೆಯ ಒಂದು ಪುಟವನ್ನು ತೆರೆಯಿತು.

ಸಂಸ್ಥಾನದಲ್ಲಿ ಗುಲಾಮಗಿರಿ ರದ್ದಾದದ್ದು 1865ರ ಜನವರಿಯಲ್ಲಿ. ಆ ಜನರ ಬದುಕಿಗೆ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವಾದದ್ದು 2013ರಲ್ಲಿ. ಇದೇ ಊರಿನ ಹಳೆಯ ಕಪ್ಪು ಮನೆತನಕ್ಕೆ ಸೇರಿದ ಫೇ ಡ್ಯಾಂಟ್ ಎಂಬ ಮಹಿಳೆ ಅದನ್ನು ಸ್ಥಾಪಿಸಿದರು. ಅದಕ್ಕೆ ‘ಜಿಮ್ಸ್ ಜರ್ನಿ’, ಎಂದರೆ ಜಿಮ್‌ನ ಪಯಣ, ಎಂದು ಹೆಸರು. ಅಲ್ಲಿಗೆ ಹೋದಾಗ ಹೊತ್ತು ಇಳಿದಿತ್ತು. ಪುಟ್ಟ ಕಲ್ಲಿನ ಕಟ್ಟಡ. ಬೇಲಿಯ ಮುಂದಿನ ಗುಂಪು ಇಲ್ಲಿರಲಿಲ್ಲ. ಬೆಳಗಿನಿಂದ ಹರಟುತ್ತಿದ್ದ ಮೊಮ್ಮಗಳು ಇಲ್ಲಿ ಸದ್ದಿಲ್ಲದೆ ಒಂದೊಂದು ಪಟದ ಮುಂದೆಯೂ ನಿಂತು, ಕೆಳಗಿದ್ದ ಹೆಸರುಗಳನ್ನೆಲ್ಲ ಓದಿದಳು.

ತನ್ನ ಊರಿನ ಸುಣ್ಣ ಸುರಿದು ಅಡಿಯ ಗೋಡೆ ಕಂಡಾಗ ಅದನ್ನು ಬರೆದಿಡುವ ಧೈರ್ಯ ಟ್ವೇನನಿಗಿತ್ತು. ಹ್ಯಾನಿಬಲ್ಲಿಗೆ ಹೋಗುವವರು ಬೇಲಿಯನ್ನು ಖಂಡಿತ ನೋಡಲಿ. ಆದರೆ ಗಾಡಿ ತಿರುಗಿಸುವ ಮುನ್ನ ಆ ಕಲ್ಲಿನ ಮನೆಯನ್ನೂ ಹೊಕ್ಕು ಬರಲಿ.