ಕಾಫಿ ಹೋಟೆಲು ಮತ್ತು ಊರಿನ ಪಂಕ್ತಿ

ಬೆಂಗಳೂರಿನಲ್ಲಿ ಲಾಲ್‌ಬಾಗಿನ ದಕ್ಷಿಣಕ್ಕೆ ಇಂದು ಜಯನಗರ, ಬನಶಂಕರಿ, ಜೆ.ಪಿ. ನಗರಗಳೆಂದು ಹೆಸರಾಗಿರುವ ಬಡಾವಣೆಗಳು ಹೊಲ, ಕೆರೆ, ತೋಪುಗಳ ಹಳ್ಳಿಗಳಾಗಿದ್ದ ಕಾಲದಲ್ಲಿ, ದಿನದ ದುಡಿಮೆಯನ್ನು ಮುಗಿಸಿದವರು ನಾಲ್ಕು ಮಾತಿಗಾಗಿ ಕೂಡುತ್ತಿದ್ದುದು ಅರಳಿಕಟ್ಟೆಯಲ್ಲಿ. ಆಂಗ್ಲರ ಹಳ್ಳಿಯಲ್ಲಿ ಪಾನಗೃಹಕ್ಕೆ ಯಾವ ಸ್ಥಾನವಿದ್ದಿತೋ ನಮ್ಮಲ್ಲಿ ಕಟ್ಟೆಗೆ ಅದೇ ಸ್ಥಾನ. ಹಳ್ಳಿ ನಗರವಾದಾಗ ಆ ಸ್ಥಾನಕ್ಕೆ ಉತ್ತರಾಧಿಕಾರಿಯಾಗಿ ಬಂದುದು ಕಾಫಿ ಹೋಟೆಲು.

ಈ ಹೋಟೆಲುಗಳನ್ನು ಕಟ್ಟಿದವರಲ್ಲಿ ಅನೇಕರು ಉಡುಪಿ, ಕೋಟ, ಸಾಲಿಗ್ರಾಮಗಳ ಸೀಮೆಯಿಂದ ಘಟ್ಟವನ್ನೇರಿ ಬಂದವರು. 1924ರಲ್ಲಿ ಮಯ್ಯ ಸಹೋದರರು ಸ್ಥಾಪಿಸಿದ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಖ್ಯಾತವಾದ ಸಂಸ್ಥೆಯ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಡಿಗೆ ಯಾರದು, ಪಂಕ್ತಿ ಯಾರೊಡನೆ ಎಂಬ ವಿಚಾರವು ಹಸಿವಿಗಿಂತ ಮುಂದೆ ನಿಲ್ಲುತ್ತಿದ್ದ ಕಾಲದ ಮುದ್ರೆ ಆ ಹೆಸರಿನಲ್ಲಿಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ರವೆ ಇಡ್ಲಿ ಜನಿಸಿದುದು ಅಲ್ಲಿಯೇ ಎಂದು ಪ್ರತೀತಿ.

ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1943ರಲ್ಲಿ, ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆಯಿತು. ಹೆಸರೇ ಹೇಳುವಂತೆ ವಿದ್ಯಾರ್ಥಿಗಳಿಗೆಂದು ಮೊದಲಾದುದು ಸಾಹಿತಿಗಳಿಗೂ ಮನೆಮಂದಿಗೂ ಆಶ್ರಯವಾಯಿತು. ಅಲ್ಲಿ ಮಸಾಲೆದೋಸೆಗಾಗಿ ಕಾಯುತ್ತ ಕುಳಿತವನನ್ನು ಇಂದಿಗೂ ಗೋಡೆಯ ಮೇಲಣ ಕನ್ನಡ ಸಾಹಿತಿಗಳ ಚಿತ್ರಗಳು ನೋಡುತ್ತವೆ.

ಜಯನಗರವು 1948ರಲ್ಲಿ ರೂಪುಗೊಳ್ಳತೊಡಗಿತು. ಆ ಬಡಾವಣೆಯಲ್ಲಿಯೇ 1983ರಲ್ಲಿ ಕೆಫೆ ದರ್ಶಿನಿ ಆರಂಭವಾಗಿ ಒಂದು ಹೊಸ ಪದ್ಧತಿಗೆ ನಾಂದಿಯಾಯಿತು: ಮೊದಲು ಹಣ ತೆತ್ತು ಚೀಟಿ ಪಡೆಯುವುದು, ಕಣ್ಣೆದುರಿನ ಅಡಿಗೆಯಿಂದ ತಾನೇ ತಟ್ಟೆ ಎತ್ತಿಕೊಳ್ಳುವುದು, ಎತ್ತರದ ಮೇಜಿನ ಬಳಿ ನಿಂತು ತಿನ್ನುವುದು. ಕುಳಿತು ಹರಟುವ ವಿರಾಮವು ಇದರಿಂದ ಕುಗ್ಗಿತೆಂಬುದು ಸತ್ಯ. ಆದರೆ ಆಟೋ ಚಾಲಕನೂ ಅಧಿಕಾರಿಯೂ, ಹೂವಿನ ವ್ಯಾಪಾರದ ತಾಯಿಯೂ ಕಾಲೇಜಿನ ಹುಡುಗಿಯೂ ಒಂದೇ ಮೇಜಿನ ಸುತ್ತ ನಿಂತು, ಕುಲಗೋತ್ರಗಳ ಪ್ರಶ್ನೆಯಿಲ್ಲದೆ, ಒಂದೇ ಪಾತ್ರೆಯ ಚಟ್ನಿಯನ್ನು ಬಡಿಸಿಕೊಳ್ಳುವ ಈ ಪಂಕ್ತಿಯನ್ನು ನಮ್ಮ ಅಜ್ಜಂದಿರ ಕಾಲ ಕಂಡಿರಲಿಲ್ಲ. ಪಂಕ್ತಿಭೇದದ ಹೆಸರಿನಿಂದ ಹೊರಟ ಹೋಟೆಲು ಆರು ದಶಕಗಳಲ್ಲಿ ಇಷ್ಟು ದೂರ ನಡೆದು ಬಂದಿತು.

ಇಂದಿಗೂ ಬೆಳಗಿನ ವಾಯುವಿಹಾರ ಮುಗಿಸಿದ ವೃದ್ಧರು ಬೈಟು ಕಾಫಿ ಹಂಚಿಕೊಂಡು ಒಬ್ಬರ ಯೋಗಕ್ಷೇಮವನ್ನೊಬ್ಬರು ವಿಚಾರಿಸುವುದು, ಎರಡು ದಿನ ಕಾಣದವನನ್ನು ಅರಸಿ ಮನೆಗೆ ಹೋಗುವುದು ಇಂಥ ಹೋಟೆಲುಗಳ ಬಾಗಿಲಿನಿಂದಲೇ. ಕಟ್ಟೆಯ ವಿರಾಮವನ್ನೂ ದರ್ಶಿನಿಯ ಸಮತೆಯನ್ನೂ ಒಂದೆಡೆ ಕೂಡಿಸಲು ಹೆಚ್ಚೇನೂ ಬೇಕಿಲ್ಲ. ನಿಲ್ಲಲಾರದ ಮುದುಕರಿಗಾಗಿ ಹೊರಗೆ ಒಂದು ಕಲ್ಲುಬೆಂಚು ಹಾಕಿಸಿದರೆ ಸಾಕು.